ಎಲ್ಲವನ್ನೂ ಅಳಿಸಿ ಎಂಬ ಸಲಹೆ

ವೆಬ್‌ಸೈಟ್ ತೆರೆಯುತ್ತಿಲ್ಲವೇ? ಕುಕೀಸ್ ಕ್ಲಿಯರ್ ಮಾಡಿ. ಲಾಗಿನ್ ಆಗುತ್ತಿಲ್ಲವೇ? ಅದನ್ನೇ ಮಾಡಿ. ಒಮ್ಮೆ ನೋಡಿದ ಚಪ್ಪಲಿಯ ಜಾಹೀರಾತು ವಾರಗಟ್ಟಲೆ ಬೆನ್ನು ಬಿಡುತ್ತಿಲ್ಲವೇ? ಮತ್ತೆ ಅದೇ ಮಾತು. ಕಸ್ಟಮರ್ ಕೇರ್‌ನವರಿಂದ ಹಿಡಿದು ಮನೆಯ ಕಾಲೇಜು ಹುಡುಗರವರೆಗೆ ಎಲ್ಲರ ಬಾಯಲ್ಲೂ ಇರುವ ಪರಿಹಾರ ಇದೊಂದೇ. ಕೆಲವೊಮ್ಮೆ ಅದು ಫಲ ಕೊಡುತ್ತದೆ, ಇಲ್ಲವೆನ್ನಲಾರೆ. ಆದರೆ ಬಹುಪಾಲು ಸಂದರ್ಭಗಳಲ್ಲಿ ಅದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ. ಈ ಅಭ್ಯಾಸಕ್ಕೆ ಬಳಸುವವರಿಗಿಂತ ಬ್ರೌಸರ್ ಮಾಡಿದವರೇ ಹೆಚ್ಚು ಹೊಣೆ ಎಂಬುದು ನನ್ನ ತಕರಾರು.

ಕುಕೀ ಹುಟ್ಟಿದ್ದು 1994ರಲ್ಲಿ. ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಅದನ್ನು ರೂಪಿಸಿದರು. ಅಲ್ಲಿಯವರೆಗೆ ವೆಬ್‌ಗೆ ನೆನಪೆಂಬುದೇ ಇರಲಿಲ್ಲ. ಒಂದು ಪುಟದಲ್ಲಿ ಸಾಮಾನು ಆರಿಸಿ ಇನ್ನೊಂದು ಪುಟಕ್ಕೆ ಹೋದರೆ, ಬಂದವರು ಅವರೇ ಎಂದು ಸರ್ವರ್‌ಗೆ ತಿಳಿಯುತ್ತಿರಲಿಲ್ಲ. ಸುಮಾರು ನಾಲ್ಕು ಕಿಲೋಬೈಟ್‌ಗೆ ಮೀರದ ಒಂದು ಚೂರು ಪಠ್ಯವನ್ನು ನಮ್ಮ ಕಂಪ್ಯೂಟರಿನಲ್ಲೇ ಇಟ್ಟು ಆ ತೊಡಕನ್ನು ಬಿಡಿಸಿದ್ದು ಒಳ್ಳೆಯ ಕೆಲಸವೇ. ಕೆಟ್ಟದ್ದು ಶುರುವಾದದ್ದು ಮೂರನೆಯವರಿಂದ. ನಾವು ಸುದ್ದಿ ಓದಲು ಹೋದ ಪುಟದೊಳಗೆ ಜಾಹೀರಾತು ಕಂಪನಿಯದೊಂದು ಚಿತ್ರವೋ ಸ್ಕ್ರಿಪ್ಟೋ ಇರುತ್ತದೆ. ಅದು ತನ್ನದೇ ಕುಕೀ ಇಟ್ಟು ಹೋಗುತ್ತದೆ. ಮುಂದೆ ಅಡುಗೆಯ ತಾಣದಲ್ಲಿ, ಬಸ್ ಟಿಕೆಟಿನ ತಾಣದಲ್ಲಿ ಅದೇ ಕಂಪನಿ ಅದೇ ಕುಕೀ ನೋಡಿ ನಮ್ಮನ್ನು ಗುರುತು ಹಿಡಿಯುತ್ತದೆ. 1997ರಲ್ಲಿ ಬಂದ ಕುಕೀಗಳ ಮೊದಲ ಮಾನಕ ದಾಖಲೆ, ಆರ್‌ಎಫ್‌ಸಿ 2109, ಇಂಥವನ್ನು ಬ್ರೌಸರ್‌ಗಳು ತಾವಾಗಿ ಒಪ್ಪಬಾರದು ಎಂದು ಆಗಲೇ ಹೇಳಿತ್ತು. ಬ್ರೌಸರ್ ಕಂಪನಿಗಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಈಗ ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ ನೋಡಿ. ಹಿಸ್ಟರಿ, ಕುಕೀಗಳು ಮತ್ತು ಇತರ ಸೈಟ್ ಡೇಟಾ, ಕ್ಯಾಶೆ: ಮೂರಕ್ಕೂ ಒಂದೇ ಕಡೆ ಟಿಕ್, ಕೆಳಗೆ ಒಂದೇ ಬಟನ್. ಇವು ಒಂದಕ್ಕೊಂದು ಸಂಬಂಧವಿಲ್ಲದ ಮೂರು ವಸ್ತುಗಳು. ಹಿಸ್ಟರಿ ನಾವು ಓಡಾಡಿದ ಲೆಕ್ಕ. ಕುಕೀ ತಾಣಗಳು ನಮ್ಮಲ್ಲಿಟ್ಟ ಗುರುತು. ಕ್ಯಾಶೆ ಎಂದರೆ ಪುಟ ಬೇಗ ತೆರೆಯಲೆಂದು ಉಳಿಸಿಕೊಂಡ ಚಿತ್ರ, ಕಡತಗಳು. ಪುಟದ ವಿನ್ಯಾಸ ಚೆಲ್ಲಾಪಿಲ್ಲಿಯಾಗಿದ್ದರೆ ಕ್ಯಾಶೆ ಅಳಿಸಿದರೆ ಸಾಕು. ಲಾಗಿನ್ ಸಿಕ್ಕಿಕೊಂಡಿದ್ದರೆ ಆ ಒಂದು ತಾಣದ ಕುಕೀ ಹೋದರೆ ಸಾಕು. ಆದರೆ ಈ ಕಿಟಕಿ ಕೇಳುವುದು ಎಷ್ಟು ಹೊತ್ತಿನದು ಎಂದು; ಯಾರದ್ದು ಎಂದು ಕೇಳುವುದೇ ಇಲ್ಲ. ಬೇಕಾದ ಪ್ರಶ್ನೆ ಎರಡನೆಯದು.

ಅವಧಿಯ ಪ್ರಶ್ನೆಯೂ ದಾರಿ ತಪ್ಪಿಸುತ್ತದೆ. ಮೊದಲೇ ಆರಿಸಿಟ್ಟಿರುವುದು ಸಾಮಾನ್ಯವಾಗಿ ಕಳೆದ ಒಂದು ಗಂಟೆಯೋ ಅದಕ್ಕಿಂತ ಕಡಿಮೆಯೋ. ಅದನ್ನು ಗಮನಿಸದೆ ಬಟನ್ ಒತ್ತಿದವರು ಎಲ್ಲ ಹೋಯಿತೆಂದು ನೆಮ್ಮದಿಯಾಗುತ್ತಾರೆ. ತಿಂಗಳುಗಳಿಂದ ಕೂತ ಜಾಹೀರಾತಿನ ಕುಕೀ ಕದಲುವುದಿಲ್ಲ. 'ಎಲ್ಲ ಸಮಯ' ಆರಿಸಿದವರ ಪಾಡು ಬೇರೆ. ಬ್ಯಾಂಕು ಮತ್ತೆ ಒಟಿಪಿ ಕೇಳುತ್ತದೆ, ಹತ್ತಾರು ತಾಣಗಳಿಗೆ ಮತ್ತೆ ಪಾಸ್‌ವರ್ಡ್ ಕೊಡಬೇಕು. ಅದಾದರೂ ಸಹಿಸಬಹುದು. 'ಇತರ ಸೈಟ್ ಡೇಟಾ' ಎಂಬ ಸಪ್ಪೆ ಹೆಸರಿನಡಿ ಲೋಕಲ್ ಸ್ಟೋರೇಜ್, ಇಂಡೆಕ್ಸ್‌ಡ್ ಡಿಬಿ ಎಂಬ ದೊಡ್ಡ ಉಗ್ರಾಣಗಳಿವೆ. ಎಕ್ಸ್‌ಕ್ಯಾಲಿಡ್ರಾ ತಾಣದಲ್ಲಿ ಖಾತೆಯಿಲ್ಲದೆ ಬಿಡಿಸಿದ ಚಿತ್ರ ಉಳಿಯುವುದು ಅಲ್ಲೇ, ನಮ್ಮ ಬ್ರೌಸರಿನಲ್ಲೇ. ಪ್ರತಿ ತೆಗೆದಿಡದೆ ಅಳಿಸಿದರೆ ಅದು ಹೋದದ್ದೇ. ಒಬ್ಬರ ದುಡಿಮೆಯನ್ನೂ ಜಾಹೀರಾತಿನವರ ಗುರುತನ್ನೂ ಒಂದೇ ಟಿಕ್‌ನಲ್ಲಿ ಕಟ್ಟಿಹಾಕುವುದು ಕೆಟ್ಟ ವಿನ್ಯಾಸ.

ಸರಿಯಾದ ಸಲಕರಣೆ ಇಲ್ಲವೆಂದಲ್ಲ. ಕ್ರೋಮ್‌ನ ಸೆಟ್ಟಿಂಗ್ಸ್‌ನೊಳಗೆ ಎಲ್ಲ ತಾಣಗಳ ಪಟ್ಟಿಯೊಂದಿದೆ. ಒಂದೊಂದರ ಮುಂದೆ ಎಷ್ಟು ಜಾಗ, ಎಷ್ಟು ಕುಕೀ ಎಂದು ಬರೆದಿರುತ್ತದೆ, ಪಕ್ಕದಲ್ಲೇ ಕಸದ ಬುಟ್ಟಿಯ ಚಿಹ್ನೆ. ಹುಡುಕುವ ಜಾಗದಲ್ಲಿ ತಾಣದ ಹೆಸರು ಟೈಪಿಸಿ ಅದೊಂದನ್ನೇ ತೆಗೆಯಬಹುದು. ಎಂದೂ ಕಾಲಿಡದ ತಾಣಗಳ ಹೆಸರುಗಳು ಅಲ್ಲಿ ಸಾಲುಗಟ್ಟಿ ನಿಂತಿರುವುದನ್ನು ಪ್ರತಿಯೊಬ್ಬರೂ ಒಮ್ಮೆ ನೋಡಬೇಕು. ಇಷ್ಟು ಉಪಯುಕ್ತವಾದದ್ದನ್ನು ಇಷ್ಟು ಒಳಗೆ ಹೂತಿಟ್ಟದ್ದೇಕೆ?

ಉತ್ತರ ಹಣದಲ್ಲಿದೆ ಎಂದೇ ನನಗನ್ನಿಸುತ್ತದೆ. ಆಪಲ್‌ನ ಸಫಾರಿ ಮೂರನೆಯವರ ಕುಕೀಗಳನ್ನು 2020ರ ಮಾರ್ಚ್‌ನಲ್ಲೇ ಪೂರ್ತಿ ತಡೆಯಿತು. ಫೈರ್‌ಫಾಕ್ಸ್ 2022ರ ಜೂನ್‌ನಿಂದ ಒಂದೊಂದು ತಾಣದ ಕುಕೀಗಳನ್ನು ಬೇರೆ ಬೇರೆಯಾಗಿಯೇ ಇಡುತ್ತಿದೆ. ಒಂದು ಕಡೆಯ ಗುರುತು ಇನ್ನೊಂದು ಕಡೆ ಕಾಣದು. ಗೂಗಲ್ 2020ರ ಜನವರಿಯಲ್ಲಿ, ಮೂರನೆಯವರ ಕುಕೀಗಳನ್ನು ಕ್ರೋಮ್‌ನಿಂದ ಎರಡು ವರ್ಷದೊಳಗೆ ತೆಗೆಯುತ್ತೇವೆ ಎಂದಿತು. ಮುಂದೂಡಿತು, ಮತ್ತೆ ಮುಂದೂಡಿತು. 2024ರ ಜುಲೈನಲ್ಲಿ ಯೋಜನೆ ಕೈಬಿಟ್ಟಿತು. 2025ರ ಏಪ್ರಿಲ್‌ನಲ್ಲಿ, ಅವು ಬೇಕೋ ಬೇಡವೋ ಎಂದು ಬಳಕೆದಾರರನ್ನು ಪ್ರತ್ಯೇಕವಾಗಿ ಕೇಳುವುದೂ ಇಲ್ಲ ಎಂದಿತು. ಜಾಹೀರಾತಿನಿಂದ ಬದುಕುವ ಕಂಪನಿ ತನ್ನ ಬ್ರೌಸರನ್ನು ಹೀಗೆ ಬಿಟ್ಟಿರುವಾಗ ಬಳಸುವವರಿಗೆ ಅಳಿಸು ಬಟನ್ ಕೊಟ್ಟು ಕೈತೊಳೆದುಕೊಳ್ಳುವುದು ನ್ಯಾಯವಲ್ಲ.

ಎಲ್ಲವನ್ನೂ ಅಳಿಸಲೇಬೇಕಾದ ಜಾಗ ಒಂದಿದೆ: ಹತ್ತಾರು ಜನ ಕೂರುವ ಕಂಪ್ಯೂಟರ್. ಆದಾಯ ಪ್ರಮಾಣಪತ್ರಕ್ಕೋ ಸ್ಕಾಲರ್‌ಶಿಪ್‌ಗೋ ಅರ್ಜಿ ಹಾಕಲು ಸೈಬರ್ ಸೆಂಟರ್‌ಗೆ ಹೋದವರು ಆಧಾರ್‌ಗೆ ಜೋಡಿಸಿದ ಖಾತೆಯನ್ನು ತೆರೆದಿಟ್ಟೇ ಎದ್ದು ಬಂದರೆ ಮುಂದಿನವರ ಕೈಗೆ ಎಲ್ಲವನ್ನೂ ಕೊಟ್ಟಂತೆ. ಆದರೆ ಅಲ್ಲಿಯೂ ಕುಕೀ ಅಳಿಸಿದರೆ ಲಾಗೌಟ್ ಆದಂತಲ್ಲ. ಈ ಕಡೆಯ ಗುರುತು ಹೋದರೂ ಸರ್ವರಿನಲ್ಲಿ ಆ ಸೆಷನ್ ಅವಧಿ ಮುಗಿಯುವವರೆಗೆ ಜೀವಂತವಾಗಿರಬಹುದು. ಮೊದಲು ಲಾಗೌಟ್, ಆಮೇಲೆ ಅಳಿಸುವುದು. ಇನ್ನೂ ಒಳ್ಳೆಯದು, ಕೂತ ಕೂಡಲೇ ಇನ್‌ಕಾಗ್ನಿಟೋ ಕಿಟಕಿ ತೆರೆದು, ಎಲ್ಲ ಕೆಲಸ ಅದರಲ್ಲೇ ಮುಗಿಸಿ, ಲಾಗೌಟ್ ಆಗಿ ಅದನ್ನು ಮುಚ್ಚುವುದು.

ಸ್ವಂತ ಕಂಪ್ಯೂಟರಿನಲ್ಲಿ ಕ್ರೋಮ್ ಬಳಸುವವರು ಇವತ್ತೇ ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗಕ್ಕೆ ಹೋಗಿ ಥರ್ಡ್ ಪಾರ್ಟಿ ಕುಕೀಗಳನ್ನು ಬ್ಲಾಕ್ ಮಾಡಿ. ಯಾವುದಾದರೂ ತಾಣ ಅದರಿಂದ ತಡವರಿಸಿದರೆ ಅದೊಂದಕ್ಕೆ ಮಾತ್ರ ಅನುಮತಿ ಕೊಡಿ. ಇನ್ನು ಮುಂದೆ ಯಾರಾದರೂ ಎಲ್ಲ ಕ್ಲಿಯರ್ ಮಾಡಿ ಎಂದರೆ, ಯಾವ ತಾಣದ್ದು ಎಂದು ಮೊದಲು ಕೇಳಿ.