ಜಾಪ್ಫಿನೋ ಅಕ್ಷರಮಾಲೆ

ಕೈಬರೆಹದ ಸೊಬಗು ಅಚ್ಚಿನಲ್ಲಿ ಬಾರದೆಂಬುದು ಹಳೆಯ ಮಾತು. ನುರಿತ ಲೇಖಕನು ಒಂದೇ ಅಕ್ಷರವನ್ನು ಎರಡು ಸಲ ಬರೆದರೆ ಎರಡೂ ಅಷ್ಟಿಷ್ಟು ಬೇರೆಯಾಗಿರುವುವು. ಅಚ್ಚಿನ ಮೊಳೆಯಾದರೋ ಸಾವಿರ ಸಲ ಒತ್ತಿದರೂ ಅದೇ. ಈ ಕೊರತೆಯನ್ನು ನೀಗಲು ಹೊರಟ ರೋಮನ್ ಲಿಪಿಯ ಅಚ್ಚುಗಳಲ್ಲಿ, ಜರ್ಮನಿಯ ಹರ್ಮನ್ ಜಾಪ್ಫ್ ಮಹಾಶಯರ (1918–2015) ಜಾಪ್ಫಿನೋ ವಿಚಾರಯೋಗ್ಯವಾದುದು.

ಪೆಲಟೀನೋ, ಆಪ್ಟಿಮಾ ಎಂಬ ಪ್ರಸಿದ್ಧ ಅಚ್ಚುಗಳ ಕರ್ತರಾದ ಇವರು 1944ರಲ್ಲಿ, ಯುದ್ಧದ ನಡುವೆ, ತಮ್ಮ ಚಿತ್ರಪುಸ್ತಕದ ಪುಟವೊಂದರಲ್ಲಿ ಬರೆದ ಬರೆಹವೇ ಇದರ ಬೀಜ. ಅದು ಮೊಳೆಯಲು 50ಕ್ಕೂ ಹೆಚ್ಚು ವರ್ಷಗಳು ಹಿಡಿದುವು. ಸೀಸದ ಮೊಳೆಗೆ ಚೌಕದ ಎಲ್ಲೆಯುಂಟು. ಎಲ್ಲೆ ಮೀರಿ ಚಾಚಿದ ಬಾಲ ಒತ್ತಡಕ್ಕೆ ಮುರಿದುಹೋಗುತ್ತದೆ. ಗಣಕಯಂತ್ರದಲ್ಲಿ ಲೋಹವಿಲ್ಲ, ಆ ಅಂಕೆಯೂ ಇಲ್ಲ. 1998ರಲ್ಲಿ ಲೈನೋಟೈಪ್ ಸಂಸ್ಥೆಯವರು ಇದನ್ನು ಹೊರತಂದಾಗ ಒಂದಕ್ಕೆ ನಾಲ್ಕು ಅಕ್ಷರಮಾಲೆಗಳಿದ್ದುವು. ಕೂಡಕ್ಷರಗಳೂ ಅಲಂಕಾರಚಿಹ್ನೆಗಳೂ ಬೇರೆ. ಮುಂದೆ ಅಕಿರಾ ಕೊಬಯಾಶಿಯವರೊಡನೆ ಜಾಪ್ಫ್ ಇದನ್ನು ತಿದ್ದಿ ವಿಸ್ತರಿಸಿದರು.

ನೆರೆಯ ಅಕ್ಷರವನ್ನು ನೋಡಿ ರೂಪ ಬದಲಿಸುವುದು ಕನ್ನಡಿಗರಿಗೆ ಹೊಸದಲ್ಲ. ತಕಾರವು ಒತ್ತಾಗಿ ನಿಂತಾಗ ತನ್ನ ಮೊದಲಿನ ಆಕಾರವನ್ನು ಉಳಿಸಿಕೊಂಡೀತೆ? ಆದರೆ ಭೇದವೊಂದುಂಟು. ನಮ್ಮಲ್ಲಿ ಒತ್ತಕ್ಷರವು ಉಚ್ಚಾರಣೆಯ ಆಜ್ಞೆ. ತಪ್ಪಿದರೆ ಶಬ್ದವೇ ಕೆಡುವುದು. ಜಾಪ್ಫಿನೋವಿನಲ್ಲಿ ಯಾವ ರೂಪವನ್ನಿಟ್ಟರೂ ಅರ್ಥ ಕೆಡದು, ಕೆಡುವುದು ಅಂದ ಮಾತ್ರ. ಆದುದರಿಂದ ಆರಿಸುವ ಹೊಣೆ ಜೋಡಿಸುವವನ ರಸಜ್ಞತೆಯ ಮೇಲೆ ಬೀಳುತ್ತದೆ. ಯಂತ್ರವು ತಾನಾಗಿಯೂ ಕೆಲವನ್ನು ಕೂಡಿಸುತ್ತದೆ: ಈ ಅಚ್ಚಿನ ಹೆಸರನ್ನೇ ಇದರಲ್ಲಿ ಒತ್ತಿದರೆ ಏಳು ಅಕ್ಷರಗಳೂ ಹೆಣೆದು ಒಂದೇ ಚಿತ್ರವಾಗಿ ಮೂಡುತ್ತವೆ. ಚಮತ್ಕಾರವೇ ಸರಿ; ಆದರೆ ವಿವೇಕವನ್ನು ಅದು ಒದಗಿಸಲಾರದು. ಒಂದೇ ಪದದಲ್ಲಿ ಅದೇ ಸುರುಳಿ ಮೂರು ಸಲ ಬಂದರೆ, ಲೇಖನಿಯ ವೇಷ ಕಳಚಿ ಮೊಳೆ ಇಣುಕುತ್ತದೆ. ದೊಡ್ಡಕ್ಷರಗಳನ್ನೇ ಸಾಲಾಗಿ ಇಟ್ಟರಂತೂ ಬಾಲಗಳು ಒಂದಕ್ಕೊಂದು ತೊಡರಿ ಓದುಗನಿಗೆ ಮುಳ್ಳುಬೇಲಿ!

ಕ್ಷೇಮೇಂದ್ರನು ಕಾವ್ಯದಲ್ಲಿ ಔಚಿತ್ಯವನ್ನು ಜೀವವೆಂದೆಣಿಸಿದನು. ಈ ಅಚ್ಚಿನ ಜೀವವೂ ಅದರಲ್ಲಿಯೇ ಇದೆ. ಇದರ ಅಕ್ಷರಗಳ ಒಡಲು ಕಿರಿದು, ತೋಳುಗಳು ನೀಳ. ಸಾಲಿನ ಸುತ್ತ ಬಯಲು ಬೇಕು. ಒಂದು ಹೆಸರು, ಒಂದು ಶೀರ್ಷಿಕೆ, ಹೆಚ್ಚೆಂದರೆ ಎರಡು ಸಾಲು: ಅಷ್ಟರಲ್ಲಿ ಇದನ್ನು ಮೀರಿಸುವ ಅಚ್ಚು ನನಗೆ ಕಂಡಿಲ್ಲ. ಇದರ ಕರ್ತರ ದೋಷವೆಂದು ಜನ ಹಳಿಯುವುದರಲ್ಲಿ ಬಹುಪಾಲು ಬಳಸುವವರ ದುರಾಸೆ.

ಹೋದ ವರ್ಷ ಪರಿಚಿತರ ಮನೆಯಿಂದ ಇಂಗ್ಲಿಷಿನ ಲಗ್ನಪತ್ರಿಕೆಯೊಂದು ಬಂದಿತ್ತು. ಕುಲಗೋತ್ರ, ಮುಹೂರ್ತ, ಬೀದಿ, ಬಾಗಿಲುಸಂಖ್ಯೆ, ಎಲ್ಲವೂ ಜಾಪ್ಫಿನೋವಿನಲ್ಲಿಯೇ, ಇಕ್ಕಟ್ಟಾಗಿ, ಮೇಲಿನ ಸಾಲಿನ ಬಾಲ ಕೆಳಗಿನ ಸಾಲಿನ ತಲೆಗೆ ತಗಲುವಂತೆ. ಮೂವತ್ತು ವರ್ಷ ಹುಡುಗರ ಕೆಟ್ಟ ಬರೆಹವನ್ನು ಓದಿದ ಕಣ್ಣುಗಳು ಬೀದಿಯ ಹೆಸರಿಗೆ ಸೋತುವು. ಬೇರೊಂದು ಬೀದಿಯನ್ನು ಸುತ್ತಿ ನಾನು ತಲಪುವಾಗ ಮಾಂಗಲ್ಯಧಾರಣೆ ಮುಗಿದಿತ್ತು. ಆದರೂ ಆ ಹಾಳೆಯನ್ನು ಇಟ್ಟುಕೊಂಡಿದ್ದೇನೆ: ನೆತ್ತಿಯಲ್ಲಿ, ಸಾಕಷ್ಟು ಬಯಲಿನ ನಡುವೆ, ವಧೂವರರ ಹೆಸರುಗಳೆರಡು ಬಹು ಸೊಗಸಾಗಿ ಬಂದಿವೆ.