ವೀರಗಲ್ಲು ಮತ್ತು ಸೈನ್ಯವ್ಯವಸ್ಥೆ: ಸಾಕ್ಷ್ಯದ ಮಿತಿ

ಹಿಂದೆ ಠಾಣೆ ಜಿಲ್ಲೆಗೆ ಸೇರಿದ್ದ, ಈಗ ಮುಂಬಯಿಯ ಬೋರಿವಲಿಯಲ್ಲಿರುವ ಎಕ್ಸರ್ ಗ್ರಾಮದ ವೀರಗಲ್ಲುಗಳು ಉತ್ತರ ಕೊಂಕಣದ ಯುದ್ಧಪದ್ಧತಿಗೆ ಅಮೂಲ್ಯ ಸಾಕ್ಷಿಗಳು. ಸಾಲುಹುಟ್ಟುಗಳ ನಾವೆಗಳು, ಅವುಗಳ ಮೇಲೆ ನಿಂತ ಬಿಲ್ಲಾಳುಗಳು, ಕೊನೆಗೆ ವೀರನ ಸ್ವರ್ಗಾರೋಹಣ ಇವು ಅಲ್ಲಿನ ಪಟ್ಟಿಕೆಗಳಲ್ಲಿ ಕಾಣುತ್ತವೆ. ಠಾಣೆಯ ಶಿಲಾಹಾರ ಸೋಮೇಶ್ವರನಿಗೂ ದೇವಗಿರಿಯ ಯಾದವ ಮಹಾದೇವನಿಗೂ 1265ರ ಸುಮಾರಿನಲ್ಲಿ ನಡೆದ ಕದನಕ್ಕೆ ಇವನ್ನು ಕೆಲವರು ಸಂಬಂಧಿಸುತ್ತಾರೆ. ಮತ್ತೆ ಕೆಲವರು ಇನ್ನೂ ಪ್ರಾಚೀನವೆನ್ನುತ್ತಾರೆ. ವಿವಾದವನ್ನು ತೀರಿಸುವಂಥ ಲೇಖನ ಅಲ್ಲಿ ಉಳಿದಿಲ್ಲ.

ಶಿಲ್ಪವು ಯೋಧರು ಹೇಗೆ ಕಾದಿದರೆಂಬುದನ್ನು ತೋರಿಸಬಲ್ಲದು. ಯಾರಿಗಾಗಿ, ಯಾವ ಕಟ್ಟಿಗೊಳಪಟ್ಟು ಕಾದಿದರೆಂಬುದನ್ನು ತಾನಾಗಿ ಹೇಳಲಾರದು. ಅದನ್ನು ಹೇಳುವುದು ಶಾಸನ. ಸುಮಾರು 890ರ ಬೇಗೂರು ಶಾಸನದಲ್ಲಿ ಗಂಗರ ಎರೆಯಪ್ಪನು ಅಯ್ಯಪದೇವನ ನೆರವಿಗೆ ನಾಗತ್ತರನನ್ನು ಕಳುಹಿಸುತ್ತಾನೆ. ಅವನು ತುಂಬೆಪಾಡಿಯಲ್ಲಿ ಮಡಿದ ಮೇಲೆ 'ನಾಗತ್ತರ' ಪಟ್ಟವು ಇರುಗನಿಗೆ ಸಲ್ಲುತ್ತದೆ. ಬೆಂಪೂರು ಹನ್ನೆರಡು ಕಲ್ನಾಡಾಗುತ್ತದೆ. ಆದುದರಿಂದ ನಾಗತ್ತರ ಎಂಬುದು ಬರಿಯ ವ್ಯಕ್ತಿನಾಮವಲ್ಲ, ಒಬ್ಬನಿಂದ ಇನ್ನೊಬ್ಬನಿಗೆ ಸಲ್ಲುವ ಸ್ಥಾನವೂ ಹೌದು. 949-50ರ ಆತಕೂರು ಶಾಸನದಲ್ಲಿ ತಕ್ಕೋಲದ ಕಾಳಗದ ತರುವಾಯ ಮಣಲೆರನಿಗೆ ದೊರೆತ 'ಬಾಳ್ಗಚ್ಚು' ದತ್ತಿಯೂ ಕತ್ತಿ ಮತ್ತು ಭೂಮಿಗಳ ಇಂಥದೇ ಸಂಬಂಧವನ್ನು ಸೂಚಿಸುತ್ತದೆ. ಹಳೇಬೀಡಿನ ಕುವರ ಲಕ್ಷ್ಮನ ಸ್ತಂಭದಲ್ಲಿ ಕಾಣುವುದು ಬೇರೆಯ ಬಂಧ: ಒಡೆಯನೊಡನೆ ಪ್ರಾಣವನ್ನೂ ಬಿಡುವ ಗರುಡವ್ರತ. ಅಲ್ಲಿ ಹೇಳಿದ ಸಾವಿರ ವೀರರ ಸಂಖ್ಯೆಯನ್ನು ಪ್ರಶಸ್ತಿಯ ಮಾತೆಂದು ಎಚ್ಚರದಿಂದಲೇ ಓದಬೇಕು.

ಈ ತೊಡಕು ನಮ್ಮದು ಮಾತ್ರವಲ್ಲ. ಸ್ವೀಡನ್ನಿನ ಬಿರ್ಕಾದಲ್ಲಿ ಆಯುಧ, ಕುದುರೆ, ಆಟದ ಕಾಯಿಗಳೊಡನೆ ದೊರೆತ ಸಮಾಧಿಯೊಂದನ್ನು ಬಹುಕಾಲ ಪುರುಷ ಯೋಧನದೆಂದು ಭಾವಿಸಲಾಗಿತ್ತು. 2017ರಲ್ಲಿ ಅಸ್ಥಿಗಳ ಅನುವಂಶಿಕ ಪರೀಕ್ಷೆಯಿಂದ ಅದು ಸ್ತ್ರೀಯದೆಂದು ತಿಳಿಯಿತು. ಅವಳು ಸೇನಾನಿಯೇ ಎಂಬ ಚರ್ಚೆ ಆಮೇಲೂ ನಡೆಯಿತು, ವಸ್ತುಗಳನ್ನಿಟ್ಟವರು ಹೂಳಿದವರಲ್ಲವೆ?

ಎಕ್ಸರಿನ ಕಲ್ಲುಗಳ ವಿನ್ಯಾಸ ಕರ್ನಾಟಕದವನ್ನು ಹೋಲುತ್ತದೆ. ಅಷ್ಟರಿಂದಲೇ ಆ ವೀರರನ್ನು ಕನ್ನಡಿಗರೆಂದು ಕರೆಯುವುದು ಠಾಣೆ, ಕಲ್ಯಾಣಗಳಲ್ಲಿ ನೆಲಸಿದ ಕನ್ನಡಿಗರಿಗೆ ಪ್ರಿಯವಾಗಬಹುದು, ಪ್ರಮಾಣವಾಗದು. ಶಿಲ್ಪಸಂಪ್ರದಾಯ ಗಡಿ ದಾಟುತ್ತದೆ. ಅದರೊಡನೆ ಭಾಷೆಯೂ ದಾಟಿತೆಂಬುದಕ್ಕೆ ಪ್ರತ್ಯೇಕ ಸಾಕ್ಷ್ಯ ಬೇಕು. ಬೇಗೂರಿನ ಪದಗಳನ್ನು ಎಕ್ಸರಿನ ಮೌನದ ಮೇಲೆ ಹೇರದೆ, ಎರಡನ್ನೂ ಎದುರುಬದುರಾಗಿಟ್ಟು ತೂಗುವುದೇ ಸಂಶೋಧನೆಗೆ ಒಪ್ಪುವ ಮಾರ್ಗ.