ಲಾಗರಿಗೆ ಹೂವಿನ ಘಮ

ಎಲೆ ಹದಮಾಡುವ ಬ್ಯಾರನ್ನಿನ ಕಾವು ತುಸು ತಪ್ಪಿದರೂ ತಂಬಾಕಿನ ಗುಣ ಕೆಡುತ್ತದೆಂದು ಹುಣಸೂರು, ಪಿರಿಯಾಪಟ್ಟಣದ ಬೆಳೆಗಾರರಿಗೆ ಗೊತ್ತು. ಜರ್ಮನ್ ಶೈಲಿಯ ಲಾಗರ್ ಬಿಯರಿಗೆ ಹಾಪ್ಸ್ ಹೂವಿನ ಘಮ ತುಂಬುವ ಕಸುಬೂ ಕಾವಿನ ಲೆಕ್ಕಾಚಾರವೇ. ಕುದಿಯುವಾಗ ಹಾಕಿದ ಹಾಪ್ಸ್ ಕಹಿ ಬಿಡುತ್ತದೆ, ಅದರ ಸುಗಂಧತೈಲ ಆವಿಯಾಗಿ ಹೋಗುತ್ತದೆ; ಹುದುಗಿದ ಮೇಲೆ ತಣ್ಣಗಿರುವಾಗ ಹಾಕಿದರೆ ಕಹಿ ಅಷ್ಟಾಗಿ ಏರದೆ ನಿಂಬೆಸಿಪ್ಪೆಯಂಥ, ಹಸಿಹುಲ್ಲಿನಂಥ ಪರಿಮಳ ಉಳಿಯುತ್ತದೆ. ಹೀಗೆ ತಣ್ಣಗೆ ಹಾಕುವುದರಿಂದ ಸಂಪ್ರದಾಯ ಕೆಟ್ಟಿತೆಂದು ಗೊಣಗುವವರಿದ್ದಾರೆ. ಆದರೆ 1516ರ ಬವೇರಿಯಾದ ಬಿಯರ್ ಕಟ್ಟಳೆ ಒಪ್ಪಿದ್ದೇ ಬಾರ್ಲಿ, ನೀರು, ಹಾಪ್ಸ್. ಇಲ್ಲಿ ಹೊರಗಿನದೇನೂ ಬೆರೆತಿಲ್ಲ. ಮೊಳಕೆ ಬಾರ್ಲಿಯ, ಅಂದರೆ ಮಾಲ್ಟಿನ, ನಯ ಮುಚ್ಚಿಹೋಗುತ್ತದೆಂಬ ತಕರಾರಿಗೆ ಮಾತ್ರ ತೂಕವಿದೆ. ವಾರಗಟ್ಟಲೆ ತಂಪಿನಲ್ಲಿಟ್ಟು ತಿಳಿಯಾಗಿಸಿದ ಲಾಗರ್ ಏನನ್ನೂ ಬಚ್ಚಿಡದು. ಕೈ ಜೋರಾಯಿತೋ, ಮೊದಲ ಗುಟುಕೇ ಚಾಡಿ ಹೇಳುತ್ತದೆ. ಹದವಾಗಿದ್ದರೆ ಮೊದಲು ಘಮ, ನಡುವೆ ಬ್ರೆಡ್ಡಿನಂಥ ಸಿಹಿ, ಕೊನೆಗೆ ಚುರುಕು ಕಹಿ. ಯುಗಾದಿಯ ಬೇವುಬೆಲ್ಲ ಬಲ್ಲ ನಾಲಿಗೆಗೆ ಈ ಸಿಹಿ-ಕಹಿಯ ಜೋಡಿ ಪರಕೀಯವೆನಿಸದು.